ಸುಮ್ಮನಿರುವವರು ಮೊದಲು

ಬೆಣ್ಣಿಕೊಪ್ಪದ ನರ್ಸಿಂಗ್ ಕಾಲೇಜಿನಿಂದ ಬಂಗಾರದ ಪದಕ ತೆಗೆದುಕೊಂಡು ಬಂದ ಹುಡುಗಿಯೊಬ್ಬಳು ವಾರ್ಡಿನ ಮೊದಲ ದಿನವೇ, ಸಲೈನ್ ಹಚ್ಚಲು ರೋಗಿಯ ಕೈಯಲ್ಲಿ ನರ ಸಿಗದೆ ಬೆವತು, ತಾನೇ ತಲೆ ತಿರುಗಿ ಬಿದ್ದಳು. ಆ ರೋಗಿಯೇ ಎದ್ದು ಅವಳ ಮುಖಕ್ಕೆ ನೀರು ಚಿಮುಕಿಸಬೇಕಾಯಿತು. ಊರಿಗೆ ಊರೇ ನಕ್ಕಿತು. ನಗದೆ ಇದ್ದವರೆಂದರೆ ಕಾಲೇಜಿನ ಪ್ರಿನ್ಸಿಪಾಲರು ಮತ್ತು ಎದುರಿನ ಆಸ್ಪತ್ರೆಯ ಸೂಪರಿಂಟೆಂಡೆಂಟರು. ಕಾಲೇಜಿಗೂ ಆಸ್ಪತ್ರೆಗೂ ನಡುವೆ ಇದ್ದದ್ದು ಒಂದೇ ಒಂದು ಡಾಂಬರು ರಸ್ತೆ. ಅದನ್ನು ದಾಟಿ ಬರುವಷ್ಟರಲ್ಲಿ ಹುಡುಗಿಯರು ಕಲಿತದ್ದೆಲ್ಲ ಎಲ್ಲಿ ಸೋರಿ ಹೋಗುತ್ತದೆಂದು ಇಬ್ಬರಿಗೂ ಬಗೆಹರಿದಿರಲಿಲ್ಲ.

ಆ ರಸ್ತೆಯನ್ನು ಅಳಿಸಿ ಹಾಕಲೆಂದೇ ಧಾರೆ ಬಂತು.

ಯಂತ್ರದ ನಿಜವಾದ ಹೆಸರು ಹೇಳಿ ಮುಗಿಸಲು ಒಂದು ಉಸಿರು ಸಾಲುತ್ತಿರಲಿಲ್ಲ. ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ಧಾರೆ ಎರೆಯುತ್ತದಲ್ಲ ಎಂದು ಆಸ್ಪತ್ರೆಯವರೇ ಅದಕ್ಕೆ ಧಾರೆ ಎಂದು ಹೆಸರಿಟ್ಟರು. ನುರಿತ ನರ್ಸ್ ಒಬ್ಬಳು ತಲೆಗೆ ಜಾಳಿಗೆಯಂಥ ಟೊಪ್ಪಿಗೆ, ಕೈಗೆ ತೆಳ್ಳನೆಯ ಗವಸು ಹಾಕಿಕೊಂಡು ವರ್ಷವೆಲ್ಲ ತನ್ನ ಪಾಡಿಗೆ ಡ್ಯೂಟಿ ಮಾಡಬೇಕು. ಯಾವ ಸದ್ದಿಗೆ ಅವಳ ಕುತ್ತಿಗೆ ಹೊರಳಿತು, ಯಾವುದನ್ನು ಕಂಡು ಎದೆ ಹೊಡೆದುಕೊಂಡಿತು, ಯೋಚಿಸುವ ಮೊದಲೇ ಕೈ ಎತ್ತ ಹೋಯಿತು, ಎಲ್ಲವನ್ನೂ ಯಂತ್ರ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ವಿದ್ಯಾರ್ಥಿನಿಯರನ್ನು ಕುರ್ಚಿಯಲ್ಲಿ ಕೂರಿಸಿ, ಅಂಥದೇ ಟೊಪ್ಪಿಗೆ ಇಟ್ಟು, ಅದೇ ವಾರ್ಡು, ಅದೇ ರೋಗಿಗಳು, ಅದೇ ಗಾಬರಿ, ಅದೇ ಸಮಾಧಾನವನ್ನು ಅವರ ಮೈಯಲ್ಲಿ ಮತ್ತೆ ಮತ್ತೆ ಹಾಯಿಸುತ್ತದೆ. ಪಾಠ ತಲೆಗೆ ಹತ್ತುತ್ತಿತ್ತು, ಧಾರೆ ಮೈಗೆ ಹತ್ತುತ್ತಿತ್ತು. ಬೇಸಿಗೆ ರಜೆಯಲ್ಲಿ ಟೊಪ್ಪಿಗೆ ಹಾಕಿಕೊಂಡು ಕೂತ ಹುಡುಗಿ, ರಜೆ ಮುಗಿಯುವಷ್ಟರಲ್ಲಿ ಆಯುಷ್ಯವೆಲ್ಲ ವಾರ್ಡಿನಲ್ಲೇ ಕಳೆದವಳಂತೆ ಎದ್ದು ಬರುತ್ತಿದ್ದಳು.

ಯಾರ ಅನುಭವ ಹಿಡಿಯಬೇಕೆಂಬ ಮಾತು ಬಂದಾಗ ಸೂಪರಿಂಟೆಂಡೆಂಟರು ಹಿಂದೆ ಮುಂದೆ ನೋಡಲಿಲ್ಲ. ಹೆಣ್ಣುಮಕ್ಕಳ ವಾರ್ಡಿನ ದಾಕ್ಷಾಯಣಿ ಸಂಕಣ್ಣವರ ಇರುವಾಗ ಬೇರೆಯವರನ್ನು ಹುಡುಕುವುದೇಕೆ? ದಾಕ್ಷಾಯಣಿ ವಾರ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರಿಗೆ ಏನಾಗಲಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಒದರುವವರಿಗೆ ಉಸಿರು ಇದೆ, ಸುಮ್ಮನೆ ಮಲಗಿದವರ ಕಡೆ ಮೊದಲು ಹೋಗಬೇಕು ಎಂಬುದು ಅವಳ ಪದ್ಧತಿ. ನೋಡಲು ನೆಟ್ಟಗಿದ್ದು ಒಳಗೇ ಆರಿಹೋಗುತ್ತಿದ್ದ ಎಷ್ಟೋ ಬಾಣಂತಿಯರನ್ನು, ಮಕ್ಕಳನ್ನು ಅವಳು ಹೀಗೆಯೇ ಎಳೆದು ತಂದಿದ್ದಳು. ಆ ಹೆಮ್ಮೆ ಅವಳಿಗೆ ಇತ್ತು, ಇರಬೇಕಾದದ್ದೇ.

ಅದೇ ವಾರ್ಡಿನಲ್ಲಿ ಅವಳ ಜೊತೆಗೇ ಸೇರಿ ಅಷ್ಟೇ ಕಾಲ ದುಡಿದ ಹುಸೇನಬಿ ನದಾಫಳ ಹೆಸರನ್ನು ಯಾರೂ ಎತ್ತಲಿಲ್ಲ. ಹುಸೇನಬಿಯ ಕೈ ನಿಧಾನ, ಬಾಯಿ ಜೋರು. ಯಾರಾದರೂ ಒದರಿದರೆ ಚಪ್ಪಲಿ ಪಟಪಟ ಬಡಿಯುತ್ತ ಹೋಗಿ ಅವರ ಹಾಸಿಗೆಯ ಮೇಲೆಯೇ ಕೂತು, "ಯಾಕ ಒದರ್ತೀಯೇ ನಮ್ಮವ್ವ, ನಾ ಏನ್ ಕಿವುಡಿ ಅದೀನೇನು?" ಎಂದು ತಾನೂ ಒದರುತ್ತಿದ್ದಳು. ಆಮೇಲೆ ಅವರ ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ ಎಲ್ಲ ಮುಗಿದ ಮೇಲೆಯೇ ಏಳುತ್ತಿದ್ದದ್ದು. "ಹರಟೀ ಹೊಡೀಲಿಕ್ಕೆ ಪಗಾರ ಕೊಡ್ತಾರ ನಿನಗ" ಎಂದು ದಾಕ್ಷಾಯಣಿ ಬೈಯುತ್ತಿದ್ದಳು. "ನಿನಗ ಸುಮ್ನ ಇದ್ದವ್ರ ಮ್ಯಾಲ ಪ್ರೀತಿ, ನನಗ ಬಾಯಿ ಇದ್ದವ್ರ ಮ್ಯಾಲ" ಎಂದು ಹುಸೇನಬಿ ನಗುತ್ತಿದ್ದಳು. ಹೀಗೆ ಬೈದಾಡುತ್ತಲೇ ಇಬ್ಬರ ತಲೆಯೂ ಬೆಳ್ಳಗಾಗಿತ್ತು.

ನಿವೃತ್ತಿಗೆ ಮುಂಚಿನ ದಾಕ್ಷಾಯಣಿಯ ಕೊನೆಯ ವರ್ಷವನ್ನು ಯಂತ್ರ ಹಿಡಿಯಿತು. ಹುಸೇನಬಿ ಅವಳಿಗಿಂತ ತುಸು ಮುಂಚೆ ಹುಟ್ಟಿದವಳು. ಆ ವರ್ಷದ ಕೊನೆಯ ವಾರದಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋದಳು.

ಹನ್ನೆರಡು ಹುಡುಗಿಯರ ಮೊದಲ ತಂಡದ ಧಾರೆ ಮುಗಿದ ದಿನ ದಾಕ್ಷಾಯಣಿಯನ್ನು ಪ್ರಯೋಗಶಾಲೆಗೆ ಕರೆಸಿದರು. ಯಂತ್ರ ನೋಡಿಕೊಳ್ಳುತ್ತಿದ್ದವಳು ಅನಘಾ ಕಟ್ಟಿ ಎಂಬ ಧಾರವಾಡದ ಹುಡುಗಿ, ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಗಟ್ಟಿ. ಅವಳು ಕುರ್ಚಿಯಲ್ಲಿ ಕೂತಿದ್ದ ಕಾವೇರಿ ಲಮಾಣಿಯ ತಲೆಯಿಂದ ಟೊಪ್ಪಿಗೆ ಬಿಚ್ಚಿದಳು. ಕಾವೇರಿ ಎದ್ದು ನಿಂತವಳೇ ಎಡಗೈಯಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ತೊಟ್ಟಿದ್ದು ಚೂಡಿದಾರ, ಸೆರಗೆಲ್ಲಿಂದ ಬರಬೇಕು? ಖಾಲಿ ಕೈಯನ್ನೇ ಸೊಂಟಕ್ಕೆ ಒತ್ತಿಕೊಂಡು, ಎದುರಿಗಿದ್ದ ದಾಕ್ಷಾಯಣಿಯನ್ನು ನೋಡಿ ನಾಚಿ ನಕ್ಕಳು.

"ಏನ್ ಅನಸ್ತೈತವ್ವ?" ಎಂದು ದಾಕ್ಷಾಯಣಿ ಕೇಳಿದಳು.

"ಸೊಂಟ ನೋಯಾಕತ್ತೈತ್ರಿ ಸಿಸ್ಟರ್. ನಿಮ್ದ ಇರಬೇಕು."

ದಾಕ್ಷಾಯಣಿಗೆ ಕಣ್ಣು ತುಂಬಿ ಬಂತು. ಮಕ್ಕಳಿಲ್ಲದವಳು ಅವಳು. ತನ್ನ ಮೈಯಲ್ಲಿ ಇಷ್ಟು ದಿನ ಕೂಡಿಬಿದ್ದದ್ದು ತನ್ನೊಂದಿಗೇ ಮಣ್ಣಾಗುವುದಿಲ್ಲ ಎಂಬ ಸಂತೋಷ ಅದು.

ಮನೆಯಲ್ಲಿ ಗಂಡ ಮಹಾರುದ್ರಪ್ಪ ಮಾತ್ರ ಈ ಸಂಭ್ರಮಕ್ಕೆ ಕಿವಿಗೊಡಲಿಲ್ಲ. ಬಸ್ ಕಂಡಕ್ಟರ್ ಆಗಿ ನಿಂತೇ ಸರ್ವೀಸು ಮುಗಿಸಿದ ಅವನಿಗೆ ಈಗ ಮೊಣಕಾಲಿನದೇ ಚಿಂತೆ.

"ಕಾಲು ಕಳಚಿ ಬೀಳೂ ಹಂಗ ಆಗೈತಿ" ಎಂದು ಅವನು ಪಡಸಾಲೆಯಿಂದ ಕೂಗಿದ.

"ಬೀಳಲಿ ಬಿಡ್ರಿ, ಬಿದ್ದ ಮ್ಯಾಲ ನೋಡೂಣು" ಎಂದು ಅವಳು ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಅಂದಳು.

"ಊರ ಮಂದಿಗೆಲ್ಲಾ ನರ್ಸು, ನನಗ ಮಾತ್ರ ಹೇಂತಿ. ಇಂಥಾ ಹನ್ನೆರಡು ಮಂದೀನ ಹಡದ ಬಂದೀಯಲ್ಲ, ಆ ದವಾಖಾನಿ ಗತಿ ಏನವ್ವಾ."

ಅವಳು ನಕ್ಕು ಹೆಂಚಿನ ಮೇಲೆ ರೊಟ್ಟಿ ಹಾಕಿದಳು.

ಆಸ್ಪತ್ರೆಯ ಗತಿ ಸುಧಾರಿಸಿಯೇ ಇತ್ತು. ಧಾರೆಯ ಹುಡುಗಿಯರು ವಾರ್ಡು ವಹಿಸಿಕೊಂಡ ಮೇಲೆ ಸೂಜಿ ತಪ್ಪುವುದು ನಿಂತಿತು. ಹುಡುಗಿಯರು ಕೈ ಮುಟ್ಟಿ ಜ್ವರ ಹೇಳುತ್ತಿದ್ದರು, ಮುಖ ನೋಡಿ ಡಾಕ್ಟರನ್ನು ಕರೆಸುತ್ತಿದ್ದರು. ಸಾವು ಕಡಿಮೆಯಾಯಿತು. ಬೇರೆ ಊರಿನ ಆಸ್ಪತ್ರೆಗಳವರು ತಮಗೂ ಇಂಥವರೇ ಬೇಕೆಂದು ಕಾಲೇಜಿನ ಬಾಗಿಲಿಗೆ ಬಂದು ಕೂತರು. ದಾಕ್ಷಾಯಣಿಯನ್ನು ಕಾಲೇಜಿನಲ್ಲೇ ಸಲಹೆಗಾರಳೆಂದು ಉಳಿಸಿಕೊಂಡರು.

ಆಗ ಯಲ್ಲವ್ವನ ಕಾಲಿನ ಪ್ರಸಂಗ ನಡೆಯಿತು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಬಂದ ಮುದುಕಿ. ಪ್ಲಾಸ್ಟರ್ ಹಾಕಿದಾಗಿನಿಂದ ಬಿಗಿಯಾಗೈತಿ, ಉರಿಯಾಕತ್ತೈತಿ ಎಂದು ದಿನವೆಲ್ಲ ಒದರಿದಳು. ಹುಡುಗಿಯರು ಹೋಗುತ್ತ ಬರುತ್ತ ಅವಳ ತಲೆ ಸವರಿ, ಬಂದೆ ಅವ್ವ ಎಂದು ಹೇಳಿ ಮುಂದೆ ಹೋದರು. ಮರುದಿನ ನೋಡಿದರೆ ಬೆರಳುಗಳು ಕಪ್ಪಾಗಿದ್ದವು. ಪಾದ ತೆಗೆಯಬೇಕಾಯಿತು.

ಸುದ್ದಿ ಕೇಳಿ ದಾಕ್ಷಾಯಣಿ ನೇರವಾಗಿ ನಿಯಂತ್ರಣ ಕೋಣೆಗೆ ಹೋದಳು. ಅಲ್ಲಿ ಗೋಡೆಯ ತುಂಬ ಪರದೆ. ವಾರ್ಡಿನ ಹಾಸಿಗೆಗಳು ಚೌಕಗಳಾಗಿ, ಒಬ್ಬೊಬ್ಬ ನರ್ಸೂ ಒಂದೊಂದು ಹಸಿರು ಚುಕ್ಕಿಯಾಗಿ ಕಾಣುತ್ತಿದ್ದರು. ಅನಘಾ ಯಲ್ಲವ್ವ ಒದರಿದ ದಿನವನ್ನು ಹಾಕಿ ತೋರಿಸಿದಳು. ಚುಕ್ಕಿಗಳು ಅತ್ತ ಇತ್ತ ಓಡಿದವು, ಸುಮ್ಮನೆ ಮಲಗಿದವರ ಬಳಿ ಗುಂಪಾಗಿ ನಿಂತವು. ಯಲ್ಲವ್ವನ ಚೌಕವನ್ನು ನೀರು ಕಲ್ಲನ್ನು ಬಳಸಿದಂತೆ ಬಳಸಿಕೊಂಡು ಹೋದವು.

"ಒಬ್ಬಾಕಿನೂ ನಿಂತಿಲ್ಲಲ್ಲ" ಎಂದಳು ದಾಕ್ಷಾಯಣಿ.

"ನೀವೂ ಹಿಂಗ ಹಾದು ಹೋಗೀರಿ ಸಿಸ್ಟರ್. ವರ್ಷದೊಳಗ ಎಷ್ಟೋ ಸಲ. ಒಮ್ಮೆನೂ ಏನೂ ಕೆಟ್ಟದ್ದಾಗಿಲ್ಲ. ಹಾದು ಹೋದ್ರ ನಡೀತದ ಅನ್ನೋದನ್ನ ಯಂತ್ರ ಕಲ್ತದ."

ಯಾಕೆ ಕೆಟ್ಟದ್ದಾಗಲಿಲ್ಲ ಎಂಬುದು ಆಗ ದಾಕ್ಷಾಯಣಿಗೆ ಹೊಳೆಯಿತು. ಅವಳು ಹಾದು ಹೋದ ಹಾಸಿಗೆಗೆ ಹಿಂದಿನಿಂದ ಚಪ್ಪಲಿ ಬಡಿಯುತ್ತ ಹುಸೇನಬಿ ಬಂದಿರುತ್ತಿದ್ದಳು. ಹರಟೆ ಹೊಡೆಯುತ್ತಲೇ ಅವಳು ಬಿಗಿಯಾದ ಪಟ್ಟಿ ಸಡಿಲಿಸಿರುತ್ತಿದ್ದಳು, ಡಾಕ್ಟರಿಗೆ ಹೇಳಿ ಕಳಿಸಿರುತ್ತಿದ್ದಳು. ಬೆನ್ನ ಹಿಂದಿನದನ್ನು ದಾಕ್ಷಾಯಣಿ ಎಂದೂ ತಿರುಗಿ ನೋಡಿರಲಿಲ್ಲ, ಹೀಗಾಗಿ ಯಂತ್ರಕ್ಕೂ ಅದು ಕಂಡಿರಲಿಲ್ಲ. ಇಬ್ಬರು ಸೇರಿ ಕಾಯುತ್ತಿದ್ದ ವಾರ್ಡನ್ನು ಈಗ ಹನ್ನೆರಡು ದಾಕ್ಷಾಯಣಿಯರು ಕಾಯುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ತಗದ್ ಬಿಡು ಅನಘಾ, ಈ ಹುಡುಗ್ಯಾರಿಂದ ನಂದನ್ನ ತಗದ್ ಬಿಡು."

"ಸೈಕಲ್ ಕಲ್ತಂಗ ಮೈಯಾಗ ಕಲ್ತಾರ. ಮರಸ್ರಿ ಅಂದ್ರ ಹೆಂಗ ಮರಸಲ್ರಿ?"

"ಹಂಗಾರ ಹುಸೇನಬೀದೂ ಹಾಕು."

ಅನಘಾ ತಲೆಯಾಡಿಸಿದಳು. ಅದನ್ನೂ ಬೇರೆ ಕಡೆ ಮಾಡಿ ನೋಡಿದ್ದರಂತೆ. ಒಂದೇ ಮೈಗೆ ಇಬ್ಬರ ಧಾರೆ ಎರೆದರೆ, ತುರ್ತಿನ ಹೊತ್ತಿಗೆ ಒಂದು ಅನುಭವ ಅತ್ತ ಎಳೆದು ಇನ್ನೊಂದು ಇತ್ತ ಎಳೆದು, ಹುಡುಗಿಯರು ನಿಂತಲ್ಲೇ ಮರಗಟ್ಟಿದರು. ಮುಂದಿನ ತಂಡದ ಅರ್ಧ ಮಂದಿಗೆ ಹುಸೇನಬಿಯದನ್ನು ಎರೆಯಬಹುದಿತ್ತು. ಆದರೆ ಅದನ್ನು ಹಿಡಿದಿಟ್ಟಿದ್ದರೆ ತಾನೇ? "ಕೂತು ಕಥಿ ಹೇಳಿದ್ರ ಯಂತ್ರಕ್ಕ ಹತ್ತೂದಿಲ್ರಿ. ಅವ್ರು ಮತ್ತ ವರ್ಷಗಟ್ಲೆ ವಾರ್ಡಿನಾಗ ದುಡೀಬೇಕು. ಅವ್ರಿಗೆ ಈಗ ಮೆಟ್ಲ ಹತ್ತೂದೂ ಕಷ್ಟ ಅದ."

ದಾಕ್ಷಾಯಣಿ ಸೂಪರಿಂಟೆಂಡೆಂಟರ ಬಳಿ ಹೋದಳು. ಅವರು ಚಹಾ ತರಿಸಿದರು, ಒಟ್ಟಿನಲ್ಲಿ ಸಾವು ಕಡಿಮೆಯಾಗಿದೆ ಎಂದರು. ಅದು ಸುಳ್ಳಾಗಿರಲಿಲ್ಲ. ಕೊನೆಗೆ ಅವಳು ಹನ್ನೆರಡೂ ಹುಡುಗಿಯರನ್ನು ಕೂರಿಸಿ, ಒದರುವವರ ಮಾತಿಗೂ ಕಿವಿಗೊಡಬೇಕೆಂದು ಪಾಠ ಮಾಡಿದಳು. ಎಲ್ಲರೂ ತಲೆ ಬಾಗಿಸಿ ಬರೆದುಕೊಂಡರು. ಮರುವಾರ ಕಾವೇರಿ ತಾನಾಗಿಯೇ ಬಂದು ನಿಂತಳು.

"ನೀವು ಹೇಳಿದ್ದು ನೆನಪೈತ್ರಿ ಸಿಸ್ಟರ್. ಪರೀಕ್ಷಾ ಇಟ್ರ ಬರೀತೀನಿ. ಆದ್ರ ವಾರ್ಡಿನ್ಯಾಗ ಕಾಲು ಅತ್ತಾಗ ಬರೂದಿಲ್ರಿ. ನಾ ಏನ್ ಮಾಡ್ಲಿ?"

ಅವಳ ಕಣ್ಣಲ್ಲಿ ಭಯವಿತ್ತು.

ಶ್ರಾವಣ ಕಳೆದ ಮೇಲೆ ಹುಸೇನಬಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಹೊಟ್ಟೆಗೆ ಗಾಳಿ ತುಂಬಿ ಸಣ್ಣ ತೂತು ಮಾಡಿ ತೆಗೆಯುವಂಥದು, ನಾಲ್ಕು ದಿನದಲ್ಲಿ ಮನೆಗೆ ಕಳಿಸುವಂಥದು. ತನ್ನ ಹಳೆಯ ವಾರ್ಡಿನಲ್ಲೇ ಬಂದು ಮಲಗಿದಳು. ದಾಕ್ಷಾಯಣಿ ಆಗಿನಿಂದ ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಈ ಹುಡುಗಿಯರು ಹುಸೇನಬಿಯ ಕಡೆ ಬರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಬಾಯಿ ಎಂಥದೆಂದು ಗೊತ್ತಿಲ್ಲವೇ? ಅವರು ಬರದಿದ್ದರೆ ತಾನು ಇದ್ದೇನಲ್ಲ ಎಂದು ಧೈರ್ಯ ತಂದುಕೊಂಡಿದ್ದಳು.

ಆಪರೇಷನ್ ಆದ ಮರುದಿನ ಮಧ್ಯಾಹ್ನ, ಹುಸೇನಬಿಯ ಮಗ ತನ್ನ ಗಾದಿ ಅಂಗಡಿಗೆ ಹೋಗಿ ಬರುತ್ತೇನೆಂದು ಎದ್ದು ಹೋದ. ಹುಸೇನಬಿ ಬೆಳಗಿನಿಂದ ಒದರುತ್ತಲೇ ಇದ್ದಳು.

"ಗಂಜಿಗೆ ಉಪ್ಪ ಹಾಕಿಲ್ಲ. ಈ ಫ್ಯಾನ್ ನೋಡು, ಯಾವಾಗ ತಲಿ ಮ್ಯಾಲ ಬೀಳ್ತೈತೋ. ನಾವಿದ್ದಾಗ ಹಾಸಿಗಿ ಚಾದರ ಹಿಂಗ ಇದ್ವೇನು? ಅಯ್ಯ, ಭುಜ ನೋಯಾಕತ್ತೈತಿ ದಾಕ್ಷಿ."

"ಹೊಟ್ಟ್ಯಾಗ ಗಾಳಿ ತುಂಬಿರ್ತಾರ, ಅದಕ್ಕ ಭುಜ ಹಿಡಿತೈತಿ. ನಿನಗ ಗೊತ್ತಿಲ್ಲೇನು? ಸುಮ್ನ ಮಲಕೋ."

ಹೇಳಿದ್ದು ಸರಿಯಾಗಿಯೇ ಇತ್ತು. ಇಂಥ ಆಪರೇಷನ್ ಆದ ಎಲ್ಲರಿಗೂ ಭುಜ ನೋಯುತ್ತದೆ. ದಾಕ್ಷಾಯಣಿ ನಾಡಿ ಹಿಡಿದು ನೋಡಿದಳು. ತುಸು ಜೋರಾಗಿತ್ತು, ಬೆಳಗಿನಿಂದ ಬೈಯುತ್ತಿರುವವಳ ನಾಡಿ ಜೋರಾಗದೆ ಇನ್ನೇನಾದೀತು? ಕೈ ತಣ್ಣಗಿತ್ತು, ಮೇಲೆ ಫ್ಯಾನಿತ್ತು. ಎದುರು ಸಾಲಿನಲ್ಲಿ ಬೆಳಿಗ್ಗೆ ಫಿಟ್ಸ್ ಬಂದಿದ್ದ ಎಳೆಯ ಹೆಣ್ಣುಮಗಳೊಬ್ಬಳು ಮಿಸುಕದೆ ಮಲಗಿದ್ದಳು. ದಾಕ್ಷಾಯಣಿಯ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು.

"ನೀರು ಕೊಡು" ಎಂದಳು ಹುಸೇನಬಿ. ಕೊಟ್ಟಳು. "ಕಿಡಕಿ ತಗಿ." ತೆಗೆದಳು. "ದಾಕ್ಷಿ, ನೀರು." "ಈಗರ ಕುಡದೀಯಲ್ಲ ಮಾರಾಯ್ತಿ." "ನೀರು ಕೊಡು ದಾಕ್ಷಿ. ಗಾಳಿ ಬರವಲ್ದು. ನೀರು." ದಾಕ್ಷಾಯಣಿ ಅವಳ ಹಣೆ ಸವರಿ, "ಆತು, ಆತು, ಸುಮ್ನಿರು" ಎಂದಳು. ತನ್ನ ದನಿ ಕಾವೇರಿಯ ದನಿಯಂತೆಯೇ ಇದೆಯೆಂದು ಅವಳಿಗೆ ಆಗ ಅನಿಸಲಿಲ್ಲ.

ಹುಸೇನಬಿ ಅವಳ ಮಣಿಕಟ್ಟು ಹಿಡಿದು ಹತ್ತಿರ ಎಳೆದಳು.

"ನಾ ಗಂಜಿ ಬೈಯೂದು ಬಿಟ್ಟು ಎಷ್ಟೊತ್ತಾತು? ಕೇಳಿಲ್ಲೇನು ನೀ?"

ದಾಕ್ಷಾಯಣಿ ಎದುರು ಸಾಲಿನಿಂದ ಕಣ್ಣು ಕಿತ್ತು ಅವಳ ಕಡೆ ಬಾಗಿದಳು.

"ಹತ್ತು ಬಗೀ ಒದರಾಕಿ ಒಂದಕ್ಕ ಜೋತು ಬಿದ್ಲಂದ್ರ ಒಳಗ ಏನೋ ಕೆಟ್ಟೈತಿ. ಇಂಥಾ ದನಿ ನಾ ಬ್ಯಾರೇದವರದು ಕೇಳೀನಿ, ಈಗ ನಂದು ಕೇಳಾಕತ್ತೀನಿ. ಡಾಕ್ಟರನ್ನ ಕರಿ."

ಆಗ ದಾಕ್ಷಾಯಣಿ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಬಿಳಿಚಿಕೊಂಡಿತ್ತು. ಹೊಟ್ಟೆ ಮುಟ್ಟಿದಳು, ಹಲಗೆಯಂತೆ ಗಟ್ಟಿಯಾಗಿತ್ತು. ಒಳಗೆ ರಕ್ತ ಸೋರುತ್ತಿತ್ತು, ಎಷ್ಟು ಹೊತ್ತಿನಿಂದಲೋ. ಹೊತ್ತು ಹೋದಂತೆ ಹುಸೇನಬಿ ಹೋಗುತ್ತಿದ್ದಾಳೆ ಎಂಬುದು ಅವಳಿಗೆ ಖಚಿತವಾಯಿತು.

"ಕಾವೇರಿ, ಬಾ ಇಲ್ಲಿ, ಲಗೂನ ಬಾ" ಎಂದು ಅವಳು ವಾರ್ಡು ಮೊಳಗುವಂತೆ ಒದರಿದಳು.

ಫಿಟ್ಸಿನ ಹುಡುಗಿಯ ಬಳಿ ನಿಂತಿದ್ದ ಕಾವೇರಿ ತಿರುಗಿ ನೋಡಿದಳು, ನಕ್ಕಳು, ಅಂಗೈಯನ್ನು ಕೆಳಗೆ ಮಾಡಿ ಮೆಲ್ಲಗೆ ಎರಡು ಸಲ ಆಡಿಸಿದಳು. "ಬಂದೆ, ಗಾಬರಿ ಆಗಬ್ಯಾಡ್ರಿ." ಅಂಗೈ ಆಡಿಸುವ ಆ ರೀತಿ ದಾಕ್ಷಾಯಣಿಯದೇ. ರೋಗಿಗಳ ಕಡೆಯವರು ಗದ್ದಲ ಮಾಡಿದಾಗಲೆಲ್ಲ ಅವಳು ಹಾಗೆ ಆಡಿಸಿ ಮುಂದೆ ಹೋಗಿದ್ದಳು.

ಅವಳು ಓಡಿ ಹೋಗಿ ಕಾವೇರಿಯ ರಟ್ಟೆ ಹಿಡಿದು ಎಳೆದಳು. "ಹುಸೇನಬಿ ಸಾಯಾಕತ್ತ್ಯಾಳ."

"ಮಾತಾಡಾಕತ್ತಾರಲ್ರಿ ಸಿಸ್ಟರ್, ದನಿ ಕೇಳ್ರಿ, ಎಷ್ಟ್ ಜೋರೈತಿ" ಎನ್ನುತ್ತ ಕಾವೇರಿ ಅವಳ ಬೆರಳುಗಳನ್ನು ಒಂದೊಂದಾಗಿ, ಪ್ರೀತಿಯಿಂದಲೇ ಬಿಡಿಸಿದಳು. "ಈ ಹುಡುಗಿ ನೋಡ್ರಿ, ಒಂದ್ ಮಾತಿಲ್ಲ." ದಾಕ್ಷಾಯಣಿ ನೋಡಿದಳು. ಹುಡುಗಿ ನಿಜಕ್ಕೂ ಸುಮ್ಮನಿದ್ದಳು. ಅಷ್ಟೆಲ್ಲ ತಿಳಿದ ಮೇಲೂ ದಾಕ್ಷಾಯಣಿಯ ಕಾಲುಗಳು ಅರೆಗಳಿಗೆ ಆ ಹಾಸಿಗೆಯ ಬಳಿಯೇ ನಿಂತವು.

ಗೋಡೆಯ ಫೋನಿನಿಂದ, ಡಾಕ್ಟರು ಇದ್ದ ಆಪರೇಷನ್ ಥಿಯೇಟರಿಗೆ ಹಚ್ಚಿದಳು. ಎತ್ತಿಕೊಂಡವಳೂ ಧಾರೆಯ ಹುಡುಗಿಯೇ. "ಗದ್ದಲ ಮಾಡಬ್ಯಾಡ್ರಿ ಅವ್ವಾರ. ವಾರ್ಡಿನ ಸಿಸ್ಟರ್ ಕಡಿಂದ ಫೋನ್ ಮಾಡಸ್ರಿ" ಎಂದು ಸಮಾಧಾನದ ದನಿಯಲ್ಲಿ ಹೇಳಿ ಇಟ್ಟಳು. ದಾಕ್ಷಾಯಣಿ ತಿರುಗಿ ಬಂದು ಹಾಸಿಗೆಯ ಕಾಲ್ದೆಸೆ ಎತ್ತರಿಸಿದಳು. ಸಲೈನಿನ ಕಪಾಟಿಗೆ ಬೀಗ, ಬೀಗದ ಕೈ ಕಾವೇರಿಯ ಸೊಂಟದಲ್ಲಿ. ದಾಕ್ಷಾಯಣಿ ಮತ್ತೆ ಒದರಿದಳು. ಒದರಿದಷ್ಟೂ ಆ ಹುಡುಗಿಯರ ಮುಖಗಳು ಇನ್ನಷ್ಟು ನಿರಾಳವಾದವು. ತನಗೆ ಉಸಿರಿದೆ, ಹುಸೇನಬಿಗೂ ಉಸಿರಿದೆ ಎಂದು ತನ್ನ ಬಾಯಿಯೇ ಅವರಿಗೆ ಸಾರುತ್ತಿದೆ ಎಂದು ಅವಳಿಗೆ ತಿಳಿಯಿತು. ಆದರೆ ಒದರದೆ ಏನು ಮಾಡಬೇಕು?

"ನೀರು" ಎನ್ನುತ್ತಿದ್ದಳು ಹುಸೇನಬಿ. "ದಾಕ್ಷಿ, ನೀರು. ನೀರು ಕೊಡು."

ಆಮೇಲೆ ಅದು ನಿಂತಿತು.

ನಿಂತದ್ದೇ ತಡ, ವಾರ್ಡಿನಲ್ಲಿದ್ದ ಹುಡುಗಿಯರ ತಲೆಗಳೆಲ್ಲ ಒಟ್ಟಿಗೇ ಇತ್ತ ಹೊರಳಿದವು. ಫಿಟ್ಸಿನ ಹುಡುಗಿಯನ್ನು ಬಿಟ್ಟು ಕಾವೇರಿ ಓಡಿ ಬಂದಳು, ಪಕ್ಕದ ಕೋಣೆಯಿಂದ ಇಬ್ಬರು ಓಡಿ ಬಂದರು, ಮೆಟ್ಟಿಲ ಕಡೆಯಿಂದ ಇನ್ನೂ ಯಾರೋ. ಒಬ್ಬಳು ನರ ಹುಡುಕಿದಳು, ಒಮ್ಮೆಗೇ ಸಿಕ್ಕಿತು. ಒಬ್ಬಳು ಎದೆ ಒತ್ತಿದಳು, ಒಬ್ಬಳು ಡಾಕ್ಟರನ್ನು ಕರೆತಂದಳು. ಒಂದು ಕೈಯೂ ತಪ್ಪಲಿಲ್ಲ. ದಾಕ್ಷಾಯಣಿಗೆ ನಿಲ್ಲಲು ಜಾಗವಿರಲಿಲ್ಲ. ಅವಳು ಗೋಡೆಗೆ ಒರಗಿ, ತನ್ನ ಕೈಗಳು ಅಷ್ಟು ಮಂದಿಯ ಮೈಯಿಂದ ಹೊರಟು ಹುಸೇನಬಿಯನ್ನು ಉಳಿಸಲು ಹೆಣಗುವುದನ್ನು ನೋಡಿದಳು. ಡಾಕ್ಟರು ಬಹಳ ಹೊತ್ತಿನ ಮೇಲೆ ಸಾಕು ಎಂದರು.

ಮಗ ಬಂದ, ಅತ್ತ. ಪರದೆ ಎಳೆದರು. ಕಾವೇರಿ ಕೈ ತೊಳೆದುಕೊಂಡು ಬಂದು ದಾಕ್ಷಾಯಣಿಯ ಎದುರು ನಿಂತಳು.

"ನಾ ಎಲ್ಲಿ ತಪ್ಪಿದೆ ಹೇಳ್ರಿ ಸಿಸ್ಟರ್."

"ನೀ ತಪ್ಪಿಲ್ಲವ್ವ. ನಿನ್ನ ಜಾಗಾದಾಗ ನಾ ಇದ್ರೂ ಹಿಂಗ ಮಾಡ್ತಿದ್ದೆ."

ಹೇಳಿದ ಮೇಲೆ ಅವಳಿಗೆ ಅಳು ಬಂತು. ಹುಡುಗಿಯನ್ನು ಸಂತೈಸಲು ಆಡಿದ ಮಾತಲ್ಲ ಅದು, ಹುಸೇನಬಿಯ ಪಕ್ಕದಲ್ಲಿ ಕೂತು ಆಗಷ್ಟೇ ತಾನು ಮಾಡಿದ್ದೇ ಅದು.

ವಾರ್ಡು ಮತ್ತೆ ತನ್ನ ಕೆಲಸಕ್ಕೆ ಹೊರಳಿತು. ಸ್ವಲ್ಪ ಹೊತ್ತಿನಲ್ಲಿ ಮೂಲೆಯ ಹಾಸಿಗೆಯಿಂದ ಮುದುಕಿಯೊಬ್ಬಳು ಒದರತೊಡಗಿದಳು. ಬೆನ್ನು ಅಂದಳು, ಸೊಸೆ ಬರಲಿಲ್ಲ ಅಂದಳು, ಅಯ್ಯೋ ಅಂದಳು. ಹುಡುಗಿಯರ ಒಂದು ತಲೆಯೂ ಅತ್ತ ಹೊರಳಲಿಲ್ಲ. ತನ್ನದೂ ಹೊರಳಿಲ್ಲವೆಂಬುದು ದಾಕ್ಷಾಯಣಿಗೆ ತುಸು ತಡವಾಗಿ ಗೊತ್ತಾಯಿತು. ಅವಳು ಕಣ್ಣೊರೆಸಿಕೊಂಡು ಎದ್ದಳು, ಬಾರದ ಕಾಲನ್ನು ಎಳೆದುಕೊಂಡೇ ಆ ಹಾಸಿಗೆಯವರೆಗೆ ಹೋದಳು, ಹುಸೇನಬಿ ಕೂರುತ್ತಿದ್ದ ಹಾಗೆ ಅಂಚಿನಲ್ಲಿ ಕೂತಳು. ಮುದುಕಿ ಅವಳ ಮುಖ ನೋಡುತ್ತ ಒದರುತ್ತಲೇ ಇದ್ದಳು. ಆ ಒದರಾಟದಲ್ಲಿ ಏನನ್ನು ಕೇಳಿಸಿಕೊಳ್ಳಬೇಕೆಂದು ದಾಕ್ಷಾಯಣಿಗೆ ತಿಳಿಯಲಿಲ್ಲ, ಅದನ್ನು ಹುಸೇನಬಿಯನ್ನೇ ಕೇಳೋಣವೆಂದರೆ ಅವಳು ಇರಲಿಲ್ಲ.